ಮಾಮಾನ ಸಿನೆಮಾ

ಜನವರಿ ೧೧, ಶನಿವಾರ

ಕುರ್ಚಿ ನೂರಾ ಇಪ್ಪತ್ತು. ಮಂದಿ ಇಪ್ಪತ್ತೆರಡು. ಚಹಾ ಕುಡಿದ ಮೇಲೆ ಉಳಿದವರು ಹದಿನಾಲ್ಕು. ಆ ಹದಿನಾಲ್ಕರಲ್ಲಿ ಮೊಬೈಲ್ ಬಿಟ್ಟು ಪರದೆ ನೋಡಿದವರು ಐದು. ಆ ಐದರಲ್ಲೂ ಒಬ್ಬ ಸಭಾಗೃಹದ ಸಿಪಾಯಿ.

ಕೊಲ್ಹಾಪುರದ ಕೇದಾರ ಸರ್ ತಮ್ಮ ಕಾಲೇಜಿನ ಸಿನೆಮಾ ಮಂಡಳಿಯ ಕಾರ್ಯಕ್ರಮಕ್ಕೆ ಕರೆದಿದ್ದರು. ಮೊದಲಿಗೆ ಸ್ವಾಗತ, ಕೊನೆಗೆ ಆಭಾರ, ಅಷ್ಟೇ ನನ್ನ ಕೆಲಸ. ಸಂಕ್ರಾಂತಿಯ ಹಳದಿ-ಕುಂಕುಮದಲ್ಲಿ ಹೆಂಗಸರಿಗೆ ಆಟ ಆಡಿಸಿ ನಗಿಸುವ ಇಚಲಕರಂಜಿಯ ತಂಗೆವ್ವನನ್ನು ಇಂಥಲ್ಲಿಗೆ ಯಾಕೆ ಕರೆದರು ಎಂದುಕೊಂಡೇ ಹೋದೆ. ಹೋದ ಮೇಲೆ ತಿಳಿಯಿತು: ಮೊದಲು ಒಪ್ಪಿದ್ದ ನಿರೂಪಕಿ ಕೈಕೊಟ್ಟಿದ್ದಳು.

ಸಿನೆಮಾ ರುವಾಂಡಾ ದೇಶದವು. ಐದು ಮಂದಿ ಗೆಳೆಯರು ಮಾಡಿದ ಐದು ಸಣ್ಣ ಸಿನೆಮಾ. ತಂದವಳು ಅವರಲ್ಲೇ ಒಬ್ಬಳು, ಉಮುಹೋಜಾ. ಎರಡು ವರ್ಷದಿಂದ ಕೊಲ್ಹಾಪುರದಲ್ಲಿ ಓದುತ್ತಿದ್ದಾಳೆ. ಮನೆ ಮಾಲಕಿಯಿಂದ ಕಲಿತ ಮರಾಠಿ ಮಾತಾಡುತ್ತಾಳೆ, ಬೈಗುಳ ಸಮೇತ. ಎಲ್ಲರೂ ಉಮಾ ಅನ್ನುತ್ತಾರೆ.

ಸಿನೆಮಾ ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದರು. ಬಂದದ್ದು ಒಂದೇ ಪ್ರಶ್ನೆ: ಮೂವತ್ತು ವರ್ಷದ ಹಿಂದೆ ನಿಮ್ಮಲ್ಲಿ ನಡೆದ ಕೊಲೆಗಳ ಬಗ್ಗೆ ಹೇಳಿ. ಅವಳು ಸಮಾಧಾನದಿಂದ ಹೇಳಿದಳು. ಆಮೇಲೆ ಕೈ ತೊಳೆಯುವ ನಳದ ಹತ್ತಿರ ನನಗೆ ಅಂದದ್ದು ಬೇರೆ. ಅವಳ ಮರಾಠಿಯನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ನನ್ನನ್ನು ಕರೆಯುವ ಮಾವಶಿ, ಅಂದರೆ ಚಿಕ್ಕಮ್ಮ, ಒಂದನ್ನು ಬಿಟ್ಟು.

"ಮಾವಶಿ, ಐದರಲ್ಲಿ ಒಂದರಲ್ಲೂ ಅದಿಲ್ಲ. ಕಾಫಿಬೀಜ ಆರಿಸುವ ಹೆಂಗಸರಿದ್ದಾರೆ, ಡೋಲು ಬಡಿಯುವ ಹುಡುಗಿಯರಿದ್ದಾರೆ. ಆದರೂ ಅದನ್ನೇ ಕೇಳುತ್ತಾರೆ. ಭಾರತದಲ್ಲಿ ಒಂದು ಊರಾದರೂ ನಮ್ಮ ಸಿನೆಮಾ ಕೊನೆತನಕ ನೋಡುತ್ತದೆ ಎಂದು ನನ್ನ ಗೆಳೆಯರಿಗೆ ಮಾತು ಕೊಟ್ಟು ಬಂದಿದ್ದೇನೆ."

ನನ್ನ ಬಾಯಿ ಸುಮ್ಮನಿದ್ದೀತೆ? ಅಂದುಬಿಟ್ಟೆ: ಇಚಲಕರಂಜಿಯ ಮಗ್ಗುಲಿನ ನಮ್ಮ ಶಹಾಪುರಕ್ಕೆ ತಗೊಂಡು ಬಾ, ನಾನು ಮೈಕಿನಲ್ಲಿ ಬಿಡಿಸಿ ಹೇಳುತ್ತೇನೆ, ಮುನ್ನೂರು ಕುರ್ಚಿ ತುಂಬಿಸುತ್ತೇನೆ.

ಇದನ್ನೆಲ್ಲ ಬುಕಿಂಗ್ ಡೈರಿಯ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಮನೆಯಲ್ಲಿ ಕೇಳುವವರಿಲ್ಲ. ನಮ್ಮ ಯಜಮಾನರು ಮೂವತ್ತನಾಲ್ಕು ವರ್ಷ ಪವರ್‌ಲೂಮುಗಳ ನಡುವೆ ನಿಂತು ಕಿವಿ ಕಳೆದುಕೊಂಡಿದ್ದಾರೆ. ಕಿವಿಗೆ ಹಾಕುವ ಮಷೀನು ಕಪಾಟಿನಲ್ಲಿದೆ. ಹಾಕಿಕೊಳ್ಳಿ ಅಂದರೆ, "ಹಚಗೊಂಡ್ರ ಲೂಮೂ ಕೇಳತೈತಿ, ನೀನೂ ಕೇಳತಿ. ಎರಡೂ ಕೂಡಿದ್ರ ತಲಿ ಉಳೀತೈತೇನ?" ಅನ್ನುತ್ತಾರೆ.

ಜನವರಿ ೧೫, ಬುಧವಾರ

ಸಂಕ್ರಾಂತಿ ಮುಗಿಯಿತು, ಹಳದಿ-ಕುಂಕುಮ ಶುರುವಾಯಿತು. ಈಗಾಗಲೇ ನಾಲ್ಕು ಕಾರ್ಯಕ್ರಮ. ಎಲ್ಲ ಕಡೆಯೂ ರವಿವಾರದ ಸಿನೆಮಾದ ಸುದ್ದಿ ಹಚ್ಚಿದ್ದೇನೆ.

ಕೇದಾರ ಸರ್ ಐದೂ ಸಿನೆಮಾದ ಸಾರಾಂಶ ಕಳಿಸಿದ್ದಾರೆ, ಇಂಗ್ಲಿಷಿನಲ್ಲಿ. ಯಾರಿಂದಾದರೂ ಓದಿಸಿಕೊಳ್ಳಿ ಅಂದರು. ಕಾಗದ ಕುಂಕುಮದ ಪುಡಿಕೆಗಳ ಚೀಲದಲ್ಲಿದೆ. ಕೊಲ್ಹಾಪುರದಲ್ಲಿ ಮಂದಿ ಎಣಿಸುವುದರಲ್ಲೇ ಇದ್ದೆ, ಸಿನೆಮಾಗಳನ್ನು ಬಸ್ಸಿನ ಗದ್ದಲದಲ್ಲಿ ಮೊಬೈಲಿನಲ್ಲಿ ಒಮ್ಮೆ ನೋಡಿದ್ದೇನೆ. ಕಾಫಿ ಆರಿಸುವವರು, ಕಟ್ಟಿಗೆಯ ಸೈಕಲ್ ಮಾಡುವವನು, ಡೋಲು, ಗೋಡೆಯ ಮೇಲೆ ಚಿತ್ರ ಬರೆಯುವ ಕ್ಷೌರಿಕ. ಕೊನೆಯದು ಉಮಾ ಮಾಡಿದ್ದು: ಒಬ್ಬ ಹುಡುಗಿ ಮುಚ್ಚಿದ ಬಾಗಿಲ ಮುಂದೆ ಕೂತು ಯಾರನ್ನೋ ಕರೆಯುತ್ತಾಳೆ. ಹದಿನೆಂಟು ನಿಮಿಷ ಬರೀ ಕರೆಯುವುದು.

ಅದಕ್ಕೆ ಕಾಗದ ಯಾಕೆ ಬೇಕು? ಕೈಗಾಡಿಯ ಮೇಲೆ ನಿಂತು ಡ್ಯಾಮೇಜ್ ಸೀರೆಯನ್ನು ಹೊಸ ಡಿಸೈನ್ ಎಂದು ಮಾರಿ ಮೇಲೆ ಬಂದವಳು ನಾನು.

ಜನವರಿ ೧೯, ರವಿವಾರ. ಶಹಾಪುರ

ಮುನ್ನೂರಾ ಹನ್ನೆರಡು! ನಿಂತವರನ್ನು ಬಿಟ್ಟು.

ಸಂಜೆ ನಾಲ್ಕಕ್ಕೆ ನಮ್ಮ ಸಮಾಜದ ಸಭಾಗೃಹದ ಕಿಟಕಿಗಳಿಗೆಲ್ಲ ಚಾದರ ಕಟ್ಟಿ ಕತ್ತಲೆ ಮಾಡಿದೆವು. ಪರದೆಗೆ ಬಿಳುಪು ಮಾಡದ ಕೋರಾ ಬಟ್ಟೆ, ಡಬಲ್ ಅಗಲದ್ದು, ನಮ್ಮವರ ಲೂಮಿನ ಶೇಠ ಕೊಟ್ಟದ್ದು. ಕೇದಾರ ಸರ್ ಬರಲಿಲ್ಲ, ಪೇಪರ್ ತಪಾಸಣೆ ಅಂದರು. ಉಮಾ ಲ್ಯಾಪ್‌ಟಾಪ್ ಹತ್ತಿರ, ನಾನು ಮೈಕಿನ ಹತ್ತಿರ.

ಮೊದಲ ನಾಲ್ಕು ಸಿನೆಮಾ ಚೆನ್ನಾಗಿ ಹೋದವು. ನಗೆ ಇಪ್ಪತ್ತಾರು ಸಲ. ಕಟ್ಟಿಗೆಯ ಸೈಕಲ್ಲಿಗೆ ಗಂಡಸರು ಸೀಟಿ ಹೊಡೆದರು. ಐದನೆಯದು ಬಂತು. ಹುಡುಗಿ ಬಾಗಿಲ ಮುಂದೆ ಕೂತಳು. ಪರದೆಯ ಅಡಿಯಲ್ಲಿ ಇಂಗ್ಲಿಷ್ ಅಕ್ಷರ ಬರುತ್ತಿದ್ದವು, ಮುಂದೆ ಕೂತವರ ತಲೆ ಅಡ್ಡವಿತ್ತು. ಹುಡುಗಿ ಕರೆದಳು: "ಮಾಮಾ!"

ಇಡೀ ಸಭೆಯೇ ಕಿವಿ ನಿಮಿರಿಸಿತು. ಈ ಮಾತು ನಮ್ಮದಲ್ಲವೇ? ಮತ್ತೆ ಕರೆದಳು: "ಮಾಮಾ..."

ನನ್ನ ಬಾಯಿ ತಾನೇ ತೆರೆಯಿತು.

"ನೋಡ್ರೆವ್ವಾ, ಇಕಿ ಕುಂತಾಳ ಮಾಮಾನ ಬಾಗಲಾಗ! ಯಾವ ಮಾಮಾ? ತೊಟ್ಟಲದಾಗಿನ ಕೂಸಿನ್ನ ನೋಡಿ, ಇಕಿ ನನಗ ಅಂದಾಂವ! ಹನ್ನೆರಡ ವರ್ಷ ಜಾತ್ರಿ ಜಾತ್ರಿಗೆ ಬಳಿ ತಂದಾಂವ! ಈಗ ಪ್ಯಾಟಿ ಹುಡಗಿ ಗೊತ್ತಾದ ಮ್ಯಾಲ ಒಳಗ ಕುಂತ ಕಿವಿ ಮುಚಗೊಂಡಾನ!"

"ಅವನ ಬಾಯಾಗ ಮಣ್ಣ ಹಾಕ!" ಹಿಂದಿನಿಂದ ಒಬ್ಬಳು ಕೂಗಿದಳು. ಆಮೇಲೆ ನನ್ನನ್ನು ಯಾರಿಂದಲೂ ತಡೆಯಲಾಗಲಿಲ್ಲ, ನನ್ನಿಂದ ಕೂಡ. ಹುಡುಗಿ ಮಾತಾಡಿದಾಗಲೆಲ್ಲ ನಾನು ಮಾತಾಡಿದೆ. ಕೊನೆಗೆ ಬಾಗಿಲು ಗೇಣಷ್ಟು ಸರಿದು ಒಂದು ಕೈ ಹೊರಗೆ ಬಂತು. ಬಳೆ ಇಲ್ಲದ, ದುಡಿದು ಬಿರುಸಾದ ಕೈ. ಕಟ್ಟಿಗೆಯ ಪಾತ್ರೆಯಲ್ಲಿ ಹಾಲು ತಂದು ಹೊಸ್ತಿಲ ಮೇಲೆ ಇಟ್ಟಿತು.

"ಬಂತ ನೋಡ್ರಿ ಮಾಮಾನ ಕೈ! ತೋರಸಾಕ ಮಾರಿ ಇಲ್ಲ, ಹಾಲ ಕುಡಿಸಿ ಸಾಗಹಾಕತಾನ!"

ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಎಣಿಸಲು ನೋಡಿದೆ, ನಲವತ್ತರ ಮೇಲೆ ಲೆಕ್ಕ ತಪ್ಪಿತು. ನಾನೂ ಸೆರಗು ಕಣ್ಣಿಗೆ ಒತ್ತಿದೆ, ಅದು ನಾಟಕವಲ್ಲ.

ಉಮಾ ತನ್ನ ಮೊಬೈಲಿನಲ್ಲಿ ಮಂದಿಯ ಮುಖಗಳನ್ನೇ ತೆಗೆಯುತ್ತಿದ್ದಳು. ಕನ್ನಡ ಅವಳಿಗೆ ಬರುವುದಿಲ್ಲ. ದೀಪ ಹಚ್ಚಿದ ಮೇಲೆ ಬಂದು ನನ್ನನ್ನು ತಬ್ಬಿಕೊಂಡಳು. "ಮಾವಶಿ, ಈ ಸಿನೆಮಾಕ್ಕೆ ಇದುವರೆಗೆ ಯಾರೂ ಅತ್ತಿರಲಿಲ್ಲ."

ಜನವರಿ ೨೦, ಸೋಮವಾರ

ಬೆಳಿಗ್ಗೆಯಿಂದ ಹನ್ನೊಂದು ಫೋನು. ಗಡಹಿಂಗ್ಲಜದಿಂದ ಚೆನ್ನವ್ವ, ಕೇದಾರ ಸರ್ ಅವರ ಅತ್ತೆ, ಅಲ್ಲಿನ ಮಹಿಳಾ ಮಂಡಳದ ಅಧ್ಯಕ್ಷೆ: "ಏ ತಂಗೆವ್ವಾ, ಅದೇನ ಮಾಮಾನ ಸಿನೆಮಾ ತೋರಸಿದಿ ಅಂತಲ್ಲ? ಫೆಬ್ರುವರಿ ಎರಡಕ್ಕ ನಮ್ಮ ಹಳದಿ-ಕುಂಕುಮ ಐತಿ. ಅವತ್ತ ನಮ್ಮಲ್ಲಿ ಹಚ್ಚ. ಬ್ಯಾರೆ ನಾಕು ಬ್ಯಾಡ, ಮಾಮಾಂದ ಒಂದ ಸಾಕ."

ಹಬ್ಬದಂಥ ಮುಂಜಾನೆ. ಊಟಕ್ಕೆ ಕೂತಾಗ ನಮ್ಮವರು ರೊಟ್ಟಿ ಮುರಿಯುತ್ತ ಅಂದರು, "ಛಲೋ ಇತ್ತು ನಿನ್ನಿ ಸಿನೆಮಾ. ಅವ್ವನ ಮುಂದ ಹಂಗ ಕುಂಡ್ರೂದಂದ್ರ ಸಣ್ಣ ಮಾತಲ್ಲ."

ಯಾರ ಅವ್ವ ಎಂದು ಕೈ ಮಾಡಿ ಕೇಳಿದೆ.

"ಆ ಹುಡಗೀದು. ಒಳಗ ಇದ್ದಾಕಿ."

ಅವರ ಮುಖದ ಹತ್ತಿರ ಹೋಗಿ ಬಾಯಿ ಅಗಲಿಸಿ ಹೇಳಿದೆ: "ಅದು ಮಾಮಾ. ನಾ ಅಷ್ಟೊತ್ತು ಮೈಕಿನ್ಯಾಗ ಒದರಿದ್ದು ಏನ?"

"ನೀ ಒದರಿದ್ದು ನನಗೆಲ್ಲಿ ಕೇಳಬೇಕ? ನಾ ಸಿನೆಮಾ ನೋಡಿದೆ. ಆ ಕೈ ಹಾಲ ಇಟ್ಟು ಏನ ಮಾಡಿತು ನೋಡಿದೇನ? ತಿರಗಿ ಬಂದು ಹೆಬ್ಬಟ್ಟಲೆ ಪಾತ್ರಿ ಅಂಚ ಒರಸಿತು. ಯಾವ ಗಂಡಸ ಅಂಚ ಒರಸಿ ಕೊಡತಾನ ಹೇಳ?"

ಬಳೆ ಇರಲಿಲ್ಲ ಎಂದು ನನ್ನ ಮಣಿಕಟ್ಟು ತೋರಿಸಿದೆ.

"ಅವರ ದೇಶದಾಗ ಬಳಿ ಇಡೂದಿಲ್ಲೇನೋ" ಎಂದು ಮಜ್ಜಿಗೆ ಕೇಳಿದರು.

ಕಿವಿ ಹೋದವರ ಮಾತು. ಬಿಟ್ಟೆ.

ಜನವರಿ ೨೨, ಬುಧವಾರ

ಬಿಡುವಂತೆ ಇರಲಿಲ್ಲ.

ಮಧ್ಯಾಹ್ನ ಉಮಾಳ ಫೋನು. ದನಿ ಕುಣಿಯುತ್ತಿತ್ತು. "ಮಾವಶಿ, ಶಹಾಪುರದ ವಿಡಿಯೋ ಊರಿಗೆ ಕಳಿಸಿದ್ದೆ. ಮಾಮಾ ನೋಡಿದರು!"

ಯಾವ ಮಾಮಾ ಎಂದೆ.

"ನನ್ನ ಮಾಮಾ. ನನ್ನ ಆಯಿ."

ಆಮೇಲೆ ಹತ್ತು ನಿಮಿಷ ಅವಳೇ ಮಾತಾಡಿದಳು. ಅವಳನ್ನು ನರ್ಸ್ ಮಾಡಬೇಕೆಂದು ತಾಯಿ ಮನೆಯ ಹಸು ಮಾರಿದ್ದರು. ಅವಳ ಊರಲ್ಲಿ ಹಸು ಎಂದರೆ ಮನೆಯ ಮಾನ. ಅವಳು ಓದು ಬಿಟ್ಟು ಕ್ಯಾಮೆರಾ ಹಿಡಿದಳು. ಊರಿಗೆ ಹೋದರೆ ತಾಯಿ ಬಾಗಿಲು ತೆರೆಯಲಿಲ್ಲ. ಹಗಲೆಲ್ಲ ಹೊರಗೆ ಕೂತು ಕರೆದಳು. ಸಂಜೆ ಪಕ್ಕದ ಮನೆಯಿಂದ ತಂದ ಹಾಲನ್ನು ಹೊರಗೆ ಇಟ್ಟು ತಾಯಿ ಮತ್ತೆ ಒಳಗೆ ಹೋದರು. ಅದೇ ಸಿನೆಮಾ. ಅದೇ ಮನೆ, ಅದೇ ಬಾಗಿಲು. ಹುಡುಗಿಯ ಪಾತ್ರ ಮಾಡಿದವಳಷ್ಟೇ ಬೇರೆ, ಕೈ ಕೂಡ ತಾಯಿಯದೇ. ತಮ್ಮನ ಕಡೆಯಿಂದ ಕೇಳಿಸಿದಾಗ ಕೈಯಷ್ಟೇ ಕೊಟ್ಟರಂತೆ. ಮಾಡಿದ ಸಿನೆಮಾ ನೋಡಲು ಒಪ್ಪಲಿಲ್ಲ. ಈಗಲೂ ಫೋನಿನಲ್ಲಿ ಮಳೆ, ಬೆಳೆ ಬಿಟ್ಟು ಬೇರೆ ಮಾತಿಲ್ಲ.

"ವಿಡಿಯೋ ನೋಡಿ ಏನಂದರು ಗೊತ್ತೇ? 'ಅಷ್ಟು ದೂರದ ಮಂದಿ ನನ್ನ ಬಾಗಿಲ ಮುಂದೆ ಅತ್ತರೇ? ಹಾಗಾದರೆ ನಾನೂ ನೋಡುತ್ತೇನೆ, ಅವರ ಸಂಗಡ.' ಗಡಹಿಂಗ್ಲಜದ ದಿನ ವಿಡಿಯೋ ಕಾಲಿನಲ್ಲಿ ಕೂರುತ್ತಾರೆ, ಮಾವಶಿ!"

ಫೋನು ಇಟ್ಟು ಚೀಲ ಬೋರಲು ಹಾಕಿದೆ. ಕುಂಕುಮ ಮೆತ್ತಿದ ಕಾಗದ ಸಿಕ್ಕಿತು. ಔಷಧದ ಅಂಗಡಿಯವನಿಂದ ಓದಿಸಿದೆ. ಐದನೆಯದರ ಎದುರು ಮೊದಲ ಸಾಲಿನಲ್ಲೇ ಇತ್ತು, ತಾಯಿ ಎಂದು.

ಇಲ್ಲಿ ಅವ್ವ ಅನ್ನುತ್ತೇವೆ, ಆಯಿ ಅನ್ನುತ್ತಾರೆ, ಈಗಿನವು ಮಮ್ಮಿ ಅನ್ನುತ್ತವೆ. ತಾಯಿಗೆ ಮಾಮಾ ಅನ್ನುವ ದೇಶವಿದೆ ಎಂದು ಯಾರಿಗೆ ಗೊತ್ತಿತ್ತು? ಕಾಗದಕ್ಕೆ ಗೊತ್ತಿತ್ತು.

ಜನವರಿ ೨೪, ಶುಕ್ರವಾರ

ಹೇಳಿಲ್ಲ.

ಹೇಳದಿದ್ದರೆ ಏನು ನಷ್ಟ ಎಂದು ಬರೆದು ನೋಡಿದೆ. ಉಮಾಳಿಗೆ ಸಂತೋಷ, ಅವಳ ತಾಯಿಗೆ ಸಂತೋಷ, ಮಂದಿಗೆ ಸಂತೋಷ. ನಷ್ಟದ ಕಡೆ ಯಾರ ಹೆಸರೂ ಇಲ್ಲ. ಇಷ್ಟು ಸ್ವಚ್ಛ ಲೆಕ್ಕ ನಾನು ನೋಡಿದ್ದು ಡ್ಯಾಮೇಜ್ ಸೀರೆ ಮಾರುವಾಗ ಮಾತ್ರ.

ಚೆನ್ನವ್ವ ವಾಟ್ಸಪ್ಪಿಗೆ ಆಮಂತ್ರಣ ಪತ್ರಿಕೆ ಬಿಟ್ಟಿದ್ದಾಳೆ. "ಮಾಮಾನ ಸಿನೆಮಾ. ಆಫ್ರಿಕಾದ ಸೋದರಮಾವನ ಕಣ್ಣೀರಿನ ಕಥೆ." ಕೆಳಗೆ ನನ್ನ ಫೋಟೋ, ಉಮಾಳದಲ್ಲ.

ಎರಡು ಕಾರ್ಯಕ್ರಮದಲ್ಲಿ ಆಟದ ಮಧ್ಯೆ ಮಾತು ಮರೆತೆ. ಹೆಂಗಸರು ಅದನ್ನೂ ಹಾಸ್ಯವೆಂದು ನಕ್ಕರು.

ಜನವರಿ ೨೭, ಸೋಮವಾರ

ಮುರಗೂಡದಿಂದ ಬರುವಾಗ ಬಸ್ಸಿನಲ್ಲಿ ಇದ್ದಕ್ಕಿದ್ದಂತೆ ಹೊಳೆಯಿತು. ಹನ್ನೆರಡು ವರ್ಷ ಜಾತ್ರೆಗೆ ಬಳೆ ತಂದವನು ಎಂದು ಅವತ್ತು ಮೈಕಿನಲ್ಲಿ ಅಂದೆನಲ್ಲ, ಅದು ಸಿನೆಮಾದಲ್ಲಿ ಎಲ್ಲಿತ್ತು? ಎಲ್ಲಿಯೂ ಇರಲಿಲ್ಲ.

ನನ್ನ ಮಾಮಾ ತರುತ್ತಿದ್ದ. ಹಸಿರು ಗಾಜಿನವು. ಅವನ ಲಗ್ನ ಬೇರೆ ಕಡೆ ಆದಾಗ ನಾನು ಯಾರ ಬಾಗಿಲಿಗೂ ಹೋಗಿ ಕೂರಲಿಲ್ಲ, ಯಾರಿಗೂ ಹೇಳಲಿಲ್ಲ. ಆರು ತಿಂಗಳಲ್ಲಿ ಇಚಲಕರಂಜಿಗೆ ಮದುವೆ ಮಾಡಿ ಕಳಿಸಿದರು, ಮರುದಿನದಿಂದ ಲೂಮಿನ ಲಾಳಿಗೆ ನೂಲಿನ ಕಾಂಡಿ ಸುತ್ತಿದೆ.

ಮುನ್ನೂರಾ ಹನ್ನೆರಡರಲ್ಲಿ ಲೆಕ್ಕ ತಪ್ಪುವಷ್ಟು ಮಂದಿ ಅತ್ತರು. ಯಾರ ಸಲುವಾಗಿ ಅತ್ತರು ಎಂಬುದನ್ನು ಇಲ್ಲಿಗೆ ಬಿಡುತ್ತೇನೆ. ಮುಂದೆ ಬರೆಯುವುದಿಲ್ಲ.

ಜನವರಿ ೨೯, ಬುಧವಾರ. ಕೊಲ್ಹಾಪುರ

ಹೇಳಿದೆ.

ಉಮಾಳ ಕಾಲೇಜಿನ ಹತ್ತಿರ ಒಂದು ಗವಳಿ ಅಂಗಡಿಯಿದೆ. ಅಲ್ಲಿ ಮಸಾಲೆ ಹಾಲು ಕುಡಿಯುತ್ತ ಕೂತೆವು. ಮೂರು ಸಲ ಬೇರೆ ಮಾತು ಎತ್ತಿದೆ. ನಾಲ್ಕನೆಯ ಸಲ ಹೇಳಿಬಿಟ್ಟೆ: ಮಾಮಾ ಅಂದರೆ ನಮ್ಮಲ್ಲಿ ಏನು, ನಾನು ಮೈಕಿನಲ್ಲಿ ಏನಂದೆ, ಮಂದಿ ಅತ್ತದ್ದು ಯಾತಕ್ಕೆ.

ಮೊದಲು ನಕ್ಕಳು. "ನನ್ನ ಆಯಿಯನ್ನು ಗಂಡಸು ಮಾಡಿದೆಯಾ?" ಅಂಗಡಿಯವನು ತಿರುಗಿ ನೋಡುವಷ್ಟು ನಕ್ಕಳು. ಆಮೇಲೆ ಲೋಟ ಕೆಳಗಿಟ್ಟಳು.

ಒಂದು ಸಂಗತಿ ಹೇಳಿದಳು. ಚಿಕ್ಕವಳಿದ್ದಾಗ ಅವಳ ಊರಿನ ಪೇಟೆಯಲ್ಲಿ ಒಂದು ವಿಡಿಯೋ ಕೋಣೆ ಇತ್ತಂತೆ. ಪರದೇಶದ ಸಿನೆಮಾ ಹಚ್ಚುತ್ತಿದ್ದರು, ಹಿಂದಿಯವೂ ಸಹ. ಒಬ್ಬ ಮೈಕ್ ಹಿಡಿದು ಅವರ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದ. ಅಂಥ ಸಿನೆಮಾಕ್ಕೇ ಹೆಸರಿದೆ, ಅಗಾಸೊಬಾನುಯೆ. ಬಿಡಿಸಿ ಹೇಳಿದ್ದು ಎಂದು ಅರ್ಥ. "ಅವನು ಎಷ್ಟು ಚೆನ್ನಾಗಿ ಹೇಳುತ್ತಿದ್ದನೆಂದರೆ, ದೊಡ್ಡವಳಾದ ಮೇಲೆ ಅವೇ ಸಿನೆಮಾ ನೋಡಿದರೆ ಸಪ್ಪೆ ಎನಿಸಿತು. ಅರ್ಧ ಕಥೆ ಅವನೇ ಕಟ್ಟಿದ್ದು. ಸಿನೆಮಾ ಮಾಡುವ ಹುಚ್ಚು ನನಗೆ ಹಿಡಿದದ್ದು ಅವನಿಂದಲೇ, ಮಾವಶಿ."

ಬದುಕಿದೆ ಎಂದುಕೊಂಡೆ. ಆದರೆ ಅವಳು ಮುಗಿಸಿರಲಿಲ್ಲ.

"ಅವೆಲ್ಲ ಯಾರದೋ ಸಿನೆಮಾ. ಇದರಲ್ಲಿರುವುದು ನನ್ನ ಆಯಿಯ ಕೈ. ರವಿವಾರ ಅವರು ನೋಡುತ್ತಾರೆ. ಅಳುವವರು ಅವರಿಗಾಗಿ ಅಳಲಿ. ಇಲ್ಲವಾದರೆ ಯಾರೂ ಅಳದಿರಲಿ."

ಶಹಾಪುರದ ವಿಷಯ ತಾಯಿಗೆ ಹೇಳುತ್ತೀಯಾ ಎಂದೆ.

"ರವಿವಾರ ಆದ ಮೇಲೆ" ಅಂದಳು. ಬಸ್ಸು ಹತ್ತಿಸಲು ಬರಲಿಲ್ಲ.

ಜನವರಿ ೩೧, ಶುಕ್ರವಾರ

ತಾಯಿಯ ಕಥೆಯನ್ನು ಹೇಗೆ ಹೇಳುವುದು? ಏಳು ರೀತಿ ಕಟ್ಟಿದೆ. ಕನ್ನಡಿ ಮುಂದೆ ನಿಂತು ಹೇಳಿದೆ. ಎಲ್ಲದರಲ್ಲೂ ನನ್ನ ಮಾತೇ ಕೇಳುತ್ತಿತ್ತು. ಆ ತಾಯಿಯನ್ನು ಕೆಟ್ಟವಳಾಗಿ ಮಾಡಿದರೆ ಮಂದಿ ಅಳುತ್ತಾರೆ, ಅದು ಗೊತ್ತು. ದೇವರಂಥವಳಾಗಿ ಮಾಡಿದರೂ ಅಳುತ್ತಾರೆ. ಅವರು ಎರಡೂ ಅಲ್ಲವಲ್ಲ.

ನಮ್ಮವರು ಲೂಮಿನಿಂದ ಬಂದರು. ಮೊಬೈಲಿನಲ್ಲಿ ಸಿನೆಮಾ ಹಚ್ಚಿ ದನಿ ಪೂರಾ ತೆಗೆದು ಅವರ ಪಕ್ಕದಲ್ಲಿ ಕೂತೆ. ಅವರು ನೋಡುವಂತೆ ನೋಡಿದೆ. ಹುಡುಗಿ ಚಪ್ಪಲಿ ಬಿಚ್ಚಿ ಕೂರುತ್ತಾಳೆ. ಮಧ್ಯದಲ್ಲಿ ಒಮ್ಮೆ ಬಿಟ್ಟ ಚಪ್ಪಲಿ ಮೆಟ್ಟಿ ಎದ್ದು ನಿಂತು, ಮತ್ತೆ ಬಿಚ್ಚುತ್ತಾಳೆ. ಅವತ್ತು ನಾನು ಆ ಜಾಗದಲ್ಲಿ ಪೇಟೆ ಹುಡುಗಿಯ ಒಡವೆ ವರ್ಣಿಸುತ್ತಿದ್ದೆ.

ಸಿನೆಮಾ ಮುಗಿಯಿತು. ಚಹಾ ಬೇಕೇ ಎಂದು ಲೂಮಿನ ಗದ್ದಲದಲ್ಲಿ ಸನ್ನೆ ಮಾಡುವವರ ಹಾಗೆ ಹೆಬ್ಬೆರಳು ಎತ್ತಿ ಕೇಳಿದೆ. ಬೇಕು ಅಂದರು.

ಫೆಬ್ರುವರಿ ೨, ರವಿವಾರ. ಗಡಹಿಂಗ್ಲಜ

ಬರುವ ಬಸ್ಸಿನಲ್ಲಿಯೇ ಬರೆಯಲು ಶುರು ಮಾಡಿದ್ದೆ, ಬಸ್ಸು ಕುಣಿದು ಅಕ್ಷರ ಕೂಡಲಿಲ್ಲ. ಈಗ ಚೆನ್ನವ್ವನ ಮನೆಯ ಪಡಸಾಲೆಯಲ್ಲಿ ಕೂತಿದ್ದೇನೆ.

ಹೋದ ಕೂಡಲೆ ಚೆನ್ನವ್ವನಿಗೆ ಹೇಳಿದೆ, ಇದು ಮಾಮಾನ ಸಿನೆಮಾ ಅಲ್ಲ, ಅವ್ವಂದು ಎಂದು. ಎಳ್ಳುಬೆಲ್ಲದ ತಾಟು ಹಿಡಿದವಳು ಹಾಗೇ ನಿಂತಳು.

"ಏನಂತಿ? ಪೂರಾ ಗಡಹಿಂಗ್ಲಜ ಕರದೇನಿ ನಾ. ಮಾಮಾ ಇಲ್ಲಂದ್ರ ಮಂದಿಗೇನ ಹೇಳ್ಲಿ?"

"ನೀವು ಏನೂ ಹೇಳಬ್ಯಾಡ್ರಿ. ನಾ ಹೇಳತೇನಿ."

"ಒಂದ ದಿನಾ ಸುಳ್ಳ ಹೇಳಿದ್ರ ನಿನ್ನ ನಾಲಗಿ ಏನ ಸವೀತೈತೇನ?"

"ಸವದೈತ್ರಿ" ಎಂದೆ. ಕೇದಾರ ಸರ್ ಲ್ಯಾಪ್‌ಟಾಪ್ ಹಚ್ಚುತ್ತ ನಕ್ಕರು. ಚೆನ್ನವ್ವ ನಗಲಿಲ್ಲ.

ಪರದೆಯ ಪಕ್ಕ ಸ್ಟೂಲಿನ ಮೇಲೆ ಉಮಾಳ ಫೋನು ಇಟ್ಟೆವು. ಅದರಲ್ಲಿ ಆ ತಾಯಿ. ತಲೆಗೆ ಬಟ್ಟೆ ಕಟ್ಟಿಕೊಂಡು ನೆಟ್ಟಗೆ ಕೂತಿದ್ದರು, ಮದುವೆಯ ಫೋಟೋಕ್ಕೆ ಕೂತ ಹಾಗೆ. ಅಲ್ಲಿ ಮಧ್ಯಾಹ್ನ. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು. ಉಮಾ ನನ್ನ ಕಡೆ ನೋಡಲೂ ಇಲ್ಲ.

ಮೈಕ್ ತೆಗೆದುಕೊಂಡು ಹೇಳಿದೆ: "ಅವ್ವಗೋಳ್ರೆ, ಶಹಾಪುರದಾಗ ನಾ ತಪ್ಪ ಹೇಳೇನಿ. ಇವರ ಮಾತಿನ್ಯಾಗ ಮಾಮಾ ಅಂದ್ರ ಅವ್ವ. ಈ ಹುಡಗಿ ಅವ್ವನ ಬಾಗಲಾಗ ಕುಂತಾಳ. ಅವ್ವ ಹಸು ಮಾರಿ ಓದಿಸಿದ್ಲು, ಇಕಿ ಓದ ಬಿಟ್ಟು ಸಿನೆಮಾ ಹಿಡದ್ಲು. ಅದಕ ಬಾಗಲಾ ಮುಚ್ಚೇತಿ. ಆ ಅವ್ವ ಇಲ್ಲೇ ಫೋನಿನ್ಯಾಗ ಕುಂತ ನೋಡಾಕತ್ತಾರ. ಇಷ್ಟ ನನ್ನ ಮಾತ."

ಮೈಕಿನ ಗುಂಡಿ ಒತ್ತಿ ಬಂದ್ ಮಾಡಿದೆ.

ಗುಸುಗುಸು ಎದ್ದಿತು. "ಮಾಮಾನ ಕಥಿ ಅಂದಿದ್ರಲ್ಲ?" "ಅವ್ವಂದ ಕಥಿ ಮನ್ಯಾಗ ಇಲ್ಲೇನ?" ಕೆಲವರು ಎದ್ದು ಬಾಗಿನದ ಚೀಲ ಹಿಡಿದು ಹೋದರು. ಚೆನ್ನವ್ವ ನನ್ನನ್ನು ಸುಡುವ ಹಾಗೆ ನೋಡಿದಳು. ನನ್ನ ಕೈ ಎರಡು ಸಲ ಗುಂಡಿಯ ಮೇಲೆ ಹೋಯಿತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಹುಡುಗಿ ಕರೆದಳು. ಸಭೆಯಲ್ಲಿ ಕೆಮ್ಮು, ಮಕ್ಕಳ ಗಲಾಟೆ. ಮತ್ತೆ ಕರೆದಳು. ಕುರ್ಚಿ ಕಿರುಗುಟ್ಟಿದವು. ಇಷ್ಟು ಉದ್ದದ ಸಿನೆಮಾವೇ ಇದು ಎನಿಸಿತು. ಹುಡುಗಿ ಚಪ್ಪಲಿ ಮೆಟ್ಟಿ ಎದ್ದು ನಿಂತಾಗ ಮುಂದಿನ ಸಾಲಿನಿಂದ ಒಬ್ಬ ಮುದುಕಿ ತಡೆಯಲಾರದೆ ಅಂದಳು, "ಹೋಗಬ್ಯಾಡ ನನ ಮಗಳ, ಕುಂಡ್ರ."

ಹುಡುಗಿ ಚಪ್ಪಲಿ ಬಿಚ್ಚಿ ಕೂತಳು.

"ಹಾಂ. ಹಂಗ ಕುಂಡ್ರ."

ಅಲ್ಲಿಂದ ಒಬ್ಬೊಬ್ಬರೇ ಬಾಯಿ ಬಿಟ್ಟರು. ನನಗಲ್ಲ, ಪರದೆಗೆ. "ಹಸು ಮಾರಿದಾಕಿಗೆ ಸಿಟ್ಟ ಬರೂದಿಲ್ಲೇನ?" ಎಂದು ಒಬ್ಬಳು. "ಸಿಟ್ಟ ಬಂದ್ರ ನಾಕ ಬೈಬೇಕವಾ, ಬಾಗಲಾ ಹಾಕಬೇಕೇನ?" ಎಂದು ಇನ್ನೊಬ್ಬಳು. ಆಮೇಲೆ ಎಲ್ಲರಿಗಿಂತ ದೊಡ್ಡ ದನಿ ಚೆನ್ನವ್ವನದು: "ಏ ತಂಗೀ, ಬಾಗಲಾ ತಗಿ! ಹೊರಗ ಕುಂತಾಕಿ ನಿನ್ನ ಹೊಟ್ಟ್ಯಾನಾಕಿ!"

ಕೈ ಬಂತು. ಹಾಲು ಇಟ್ಟಿತು. ತಿರುಗಿ ಬಂದು ಅಂಚು ಒರೆಸಿತು.

ದೀಪ ಹಚ್ಚಿದಾಗ ಫೋನಿನಲ್ಲಿ ಆ ತಾಯಿ ಉಮಾಳಿಗೆ ಏನೋ ಕೇಳುತ್ತಿದ್ದರು. ಉಮಾ ಕೊನೆಗೆ ನನ್ನ ಕಡೆ ತಿರುಗಿದಳು. "ಇವರೆಲ್ಲ ಕೂಗಿದ್ದು ಏನು ಎಂದು ಕೇಳುತ್ತಿದ್ದಾರೆ."

"ಬೈದರು ಎಂದು ಹೇಳು. ಬಾಗಿಲು ಯಾಕೆ ತೆರೆಯಲಿಲ್ಲ ಎಂದು ಬೈದರು."

ಹೇಳಿದಳು. ತಾಯಿ ತಲೆಯ ಬಟ್ಟೆ ಸರಿಮಾಡಿಕೊಂಡರು. ಕೋಳಿ ಕೂಗಿತು. ಆಮೇಲೆ ನಿಧಾನಕ್ಕೆ ಮಾತಾಡಿದರು, ಸಣ್ಣ ಸಣ್ಣ ಮಾತು. ಉಮಾ ಕೇಳುತ್ತ ಕೇಳುತ್ತ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಮಂದಿ ಕಾಯುತ್ತಿದ್ದರು. ಚೆನ್ನವ್ವ, "ಏನಂತಾಳ? ಏನಂತಾಳ?" ಎಂದು ನನ್ನನ್ನು ತಿವಿದಳು. ಉಮಾ ನನ್ನ ಕಿವಿಯಲ್ಲಿ ಹೇಳಿದಳು, ಎಲ್ಲರೆದುರು ಹೇಳಲು ಅವಳಿಗೆ ಆಗಲಿಲ್ಲ.

ಮೈಕ್ ಹಚ್ಚಿದೆ. ಅವಳು ಹೇಳಿದಷ್ಟನ್ನೇ ಹೇಳಿದೆ.

"ಆ ಅವ್ವ ಅಂತಾರ: ಅವತ್ತ ಚಿಲಕ ಹಾಕಿರಲಿಲ್ಲ. ಬಾಗಲಾ ಬರೀ ಮುಂದ ಮಾಡಿತ್ತು. ಶೂಟಿಂಗಿಗೂ ಅವತ್ತ ಇದ್ದಂಗ ಇಟ್ಟಿದ್ದೆ. ಸಿಟ್ಟನ್ಯಾಗ ಇದ್ದೆ, ನಾನಾಗಿ ತಗ್ಯಾಕ ಆಗಲಿಲ್ಲ. ಆಕಿ ದೂಡತಾಳ ಅಂತ ಕಾದೆ. ಆಕಿ ದೂಡಲೇ ಇಲ್ಲ."

ಮುಂದಿನ ಸಾಲಿನ ಮುದುಕಿ ಮೂಗು ಒರೆಸಿಕೊಳ್ಳುತ್ತ, "ಹೌದಲ್ಲ, ದೂಡಬೇಕಿತ್ತಲ್ಲ" ಎಂದು ತನ್ನಷ್ಟಕ್ಕೆ ಅಂದಳು. ಚೆನ್ನವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದಳು. ಆಮೇಲೆ ಸೆರಗು ತೆಗೆದು ಗದರಿದಳು:

"ಏ ಕೇದಾರಾ, ಇನ್ನೊಮ್ಮಿ ಹಚ್ಚ. ಆ ಬಾಗಲಾ ನೋಡೂಣು."

ಮತ್ತೆ ಹಚ್ಚಿದರು. ಈ ಸಲ ಹುಡುಗಿಯನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣು ಬಾಗಿಲ ಮೇಲೆ. ಹಲಗೆಗೂ ಚೌಕಟ್ಟಿಗೂ ನಡುವೆ ಒಳಗಿನಿಂದ ಬರುವ ಬೆರಳಗಲದ ಬೆಳಕಿನ ಗೆರೆ ಮೇಲಿನಿಂದ ಕೆಳಗಿನ ತನಕ ಇತ್ತು. ಮೊದಲ ಕ್ಷಣದಿಂದಲೂ ಇತ್ತು.

"ಚೆನ್ನಾಗಿ ಕಾಣುತ್ತದೆ ಎಂದು ಆ ಬೆಳಕನ್ನು ಹಾಗೇ ಇಟ್ಟಿದ್ದೆ" ಎಂದು ಉಮಾ ನನಗೆ ಅಂದಳು.

ಅವಳು ಎದ್ದು ಪರದೆಯ ಹತ್ತಿರ ಹೋದಳು. ಅವಳ ನೆರಳು ಬಾಗಿಲ ಮೇಲೆ ಬಿತ್ತು, ಸಿನೆಮಾ ಮುಚ್ಚಿಹೋಯಿತು. ಕೂತ್ಕೋ ಎಂದು ಯಾರೂ ಕೂಗಲಿಲ್ಲ. ಬೆಳಕಿನ ಗೆರೆ ಇದ್ದ ಕಡೆ ಅಂಗೈ ಇಟ್ಟು ದೂಡಿದಳು. ಬಟ್ಟೆ ಒಳಕ್ಕೆ ಸರಿಯಿತು.

ಫೋನಿನಲ್ಲಿ ಆ ತಾಯಿ ಎರಡು ಮಾತು ಅಂದರು. ಉಮಾ ತಿರುಗಿ ನೋಡಿ ನಕ್ಕಳು, ಕಣ್ಣು ಒರೆಸಿಕೊಳ್ಳುತ್ತಲೇ. ಏನೆಂದು ನಾನು ಕೇಳಲಿಲ್ಲ, ಅದು ಮೈಕಿಗೆ ಬೇಕಾದ ಮಾತಲ್ಲ.